ಪಕ್ಕದ ಸೀಟು ಖಾಲಿಯಾದ ಮೇಲೆ

ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ನಾವು ವಿಮಾನ ಹಾರಿಸಲು ಕಲಿಯುತ್ತಿದ್ದಾಗ ಕಾಕ್‌ಪಿಟ್‌ನೊಳಗೆ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ನಮ್ಮದು ಪುಷ್ಪಕ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ. ಎಂ. ಘಾಟ್ಗೆಯವರ ಮುಂದಾಳತ್ವದಲ್ಲಿ ತಯಾರಾಗಿ 1958ರಲ್ಲಿ ಮೊದಲ ಸಲ ಹಾರಿದ ವಿಮಾನ. ಬಟ್ಟೆ ಹೊದಿಸಿದ ರೆಕ್ಕೆ, ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್. ಸ್ಟಾರ್ಟರ್ ಇಲ್ಲ, ಹೊರಗೆ ನಿಂತವರು ಪ್ರೊಪೆಲ್ಲರ್ ಹಿಡಿದು ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ವೇಗ, ಎತ್ತರ, ಎಂಜಿನ್ನಿನ ಸುತ್ತು, ಆಯಿಲ್ ಒತ್ತಡ, ದಿಕ್ಸೂಚಿ: ಇಷ್ಟರ ಮೇಲೊಮ್ಮೆ ಕಣ್ಣು ಹಾಯಿಸಿದರೆ ಒಳಗಿನ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ಕಣ್ಣು ಹೊರಗೇ.

ಹೊರಗೆ ನೋಡಲು ಬೇಕಾದಷ್ಟಿತ್ತು. ಜಕ್ಕೂರು, ಯಲಹಂಕ, ಹೆಬ್ಬಾಳ, ರಾಚೇನಹಳ್ಳಿ ಎಂದು ಸುತ್ತಲೂ ಕೆರೆಗಳು. ಬಳ್ಳಾರಿ ರಸ್ತೆಯ ಆಚೆ ಕೃಷಿ ವಿಶ್ವವಿದ್ಯಾಲಯದ ಹಸಿರು. ಉತ್ತರಕ್ಕೆ ನಂದಿ ಬೆಟ್ಟ. ಉಳಿದಂತೆ ರಾಗಿ ಹೊಲ, ದ್ರಾಕ್ಷಿ ತೋಟ, ಅಲ್ಲಲ್ಲಿ ನೀಲಗಿರಿ ತೋಪು. ನಮ್ಮ ಇನ್‌ಸ್ಟ್ರಕ್ಟರ್ ಹೆಚ್ಚು ಮಾತಿನವರಲ್ಲ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಬಿಡುತ್ತಿರಲಿಲ್ಲ. ವಿಮಾನ ನೇರವಾಗಿ ಹೋಗುತ್ತಿದೆ, ಎಲ್ಲ ಸರಿಯಾಗಿದೆ ಅನ್ನಿಸುವ ಹೊತ್ತಿಗೇ ಕೇಳುತ್ತಿದ್ದರು: "ಎಂಜಿನ್ ಈಗ ನಿಂತ್ರೆ ಎಲ್ಲಿ ಇಳಿಸ್ತೀಯಪ್ಪಾ?" ಕೈ ತೋರಿಸಿ ಹೊಲವೊಂದನ್ನು ಹೇಳಬೇಕು. ಗಾಳಿ ಯಾವ ಕಡೆಯಿಂದ ಎಂದು ಹೇಳಬೇಕು. ಕೆರೆಯ ನೀರಿನ ಮೇಲಿನ ಸುಕ್ಕು ನೋಡಿ, ಒಲೆಯ ಹೊಗೆ ವಾಲುವುದನ್ನು ನೋಡಿ ಅದನ್ನು ತಿಳಿಯಬೇಕು.

ಒಂದು ದಿನ ಅವರು ರನ್‌ವೇ ಪಕ್ಕದಲ್ಲಿ ಇಳಿದು, ಖಾಲಿ ಸೀಟಿನ ಬೆಲ್ಟನ್ನು ತಾವೇ ಬಿಗಿದು, ಬಾಗಿಲು ಹಾಕಿ ಹೊರಟುಹೋಗುತ್ತಾರೆ. ಮೊದಲ ಸೋಲೋ ಎಂದರೆ ಅಷ್ಟೇ. ಒಬ್ಬರ ತೂಕ ಇಳಿದಿದ್ದರಿಂದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ, ಚುರುಕಾಗಿ ಏರುತ್ತದೆ. ಪಕ್ಕದಲ್ಲಿ ಯಾರೂ ಇಲ್ಲ. ಆ ಪ್ರಶ್ನೆ ಮಾತ್ರ ಕಿವಿಯಲ್ಲಿ ಇದ್ದೇ ಇರುತ್ತದೆ. ಒಬ್ಬಂಟಿಯಾಗಿ ಹಾರುವ ವಿದ್ಯೆಯ ತಿರುಳು ಇದೇ ಎಂದು ನನಗೆ ಅರ್ಥವಾಗುವುದಕ್ಕೆ ಎಷ್ಟೋ ವರ್ಷ ಬೇಕಾಯಿತು: ಪಕ್ಕದಲ್ಲಿ ಕೂತವರು ಕೇಳಬೇಕಾದ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳುತ್ತಿರಬೇಕು.

ದೂರದ ಹಾರಾಟಕ್ಕೆ ಮೈಸೂರಿನ ಮಂಡಕಳ್ಳಿಗೆ ಹೋಗುತ್ತಿದ್ದೆವು. ಹಿಂದಿನ ರಾತ್ರಿಯೇ ಮ್ಯಾಪಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಹತ್ತು ಹತ್ತು ಮೈಲಿಗೆ ಗುರುತು ಹಾಕಿ, ಗಾಳಿಯ ಲೆಕ್ಕ ಮಾಡಿ ಯಾವ ಗುರುತಿಗೆ ಎಷ್ಟು ಗಂಟೆಗೆ ಬರುತ್ತೇವೆಂದು ಬರೆದುಕೊಳ್ಳುವುದು. ಬೆಳಿಗ್ಗೆ ಆ ಹಾಳೆ ತೊಡೆಗೆ ಕಟ್ಟಿದ ಹಲಗೆಯ ಮೇಲೆ. ಬಿಡದಿ ದಾಟಿದ ಮೇಲೆ ರಾಮನಗರದ ಬಂಡೆಗಳು ಕಾಣಬೇಕು. ರೈಲು ಹಳಿಯೂ ಹೆದ್ದಾರಿಯೂ ಜೊತೆಜೊತೆಗೆ ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಸಾಗಬೇಕು. ಕಾವೇರಿ ಎರಡಾಗಿ ಸೀಳಿ ಶ್ರೀರಂಗಪಟ್ಟಣವನ್ನು ಬಳಸಿದ್ದು ಕಂಡಿತೆಂದರೆ ಮುಂದೆ ಚಾಮುಂಡಿ ಬೆಟ್ಟ, ಅದರಾಚೆ ನಂಜನಗೂಡು ರಸ್ತೆ, ರನ್‌ವೇ. ಮದ್ದೂರಿಗೆ ಮೂರು ನಿಮಿಷ ತಡವಾಗಿ ಬಂದರೆ ಎದುರು ಗಾಳಿ ಜೋರಾಗಿದೆ ಎಂದರ್ಥ. ಕೂಡಲೇ ಪೆಟ್ರೋಲಿನ ಲೆಕ್ಕ ಹೊಸದಾಗಿ ಮಾಡಬೇಕು. ಅರವತ್ತು ಮೈಲಿ ಹೋದಾಗ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದೆ ಎಂಬ ಸೂತ್ರ ಬಾಯಲ್ಲೇ ಇರುತ್ತಿತ್ತು. ಕೈ ವಿಮಾನ ಹಾರಿಸುತ್ತಿತ್ತು, ಕಣ್ಣು ಊರು ಹುಡುಕುತ್ತಿತ್ತು, ತಲೆ ಗುಣಾಕಾರ ಮಾಡುತ್ತಿತ್ತು. ಗಮನ ಬೇರೆಡೆ ಹರಿಯುವುದಕ್ಕೆ ಜಾಗವೇ ಇರಲಿಲ್ಲ.

ಆ ಕಾಲವೇ ಒಳ್ಳೆಯದಿತ್ತು ಎಂದು ಹೇಳಲಾರೆ. ಮೋಡದಲ್ಲಿ ಸಿಕ್ಕಿಕೊಂಡರೆ ಪುಷ್ಪಕದಲ್ಲಿ ದಿಕ್ಕಿರಲಿಲ್ಲ. ದಾರಿ ತಪ್ಪಿ, ಕತ್ತಲಾಗುವ ಮೊದಲು ರೈಲು ಹಳಿ ಹುಡುಕಿಕೊಂಡು ಬಂದವರಿದ್ದರು. ಒಬ್ಬನೇ ಹಾರಿಸುವವನಿಗೆ ಸಹಾಯ ಬೇಕೆಂಬ ಮಾತು ವಿಮಾನಯಾನದಷ್ಟೇ ಹಳೆಯದು. ಲಾರೆನ್ಸ್ ಸ್ಪೆರಿ ಗೈರೋಸ್ಕೋಪಿನ ಬಲದಿಂದ ವಿಮಾನ ತಾನಾಗಿ ನೆಟ್ಟಗೆ ಹಾರುವುದನ್ನು ಪ್ಯಾರಿಸ್ಸಿನ ಜನರಿಗೆ ತೋರಿಸಿದ್ದು 1914ರಲ್ಲಿ. 1933ರಲ್ಲಿ ವೈಲಿ ಪೋಸ್ಟ್ ಒಬ್ಬರೇ ಭೂಮಿಯನ್ನು ಸುತ್ತಿ ಬಂದ ಮೊದಲ ಪೈಲಟ್ ಆದರು. ಅವರ ವಿಮಾನದಲ್ಲಿ ಸ್ಪೆರಿ ಕಂಪನಿಯ ಆಟೋಪೈಲಟ್ ಇತ್ತು. ಎಂಟು ದಿನಕ್ಕೂ ಕಡಿಮೆ ಅವಧಿಯ ಆ ಯಾತ್ರೆಯಲ್ಲಿ ಅವರ ತೋಳುಗಳಿಗೆ ಸ್ವಲ್ಪವಾದರೂ ಬಿಡುವು ಸಿಕ್ಕಿದ್ದು ಅದರಿಂದ.

ಯಂತ್ರ ಹಾರಿಸುವಾಗ ಮನುಷ್ಯನ ಕೆಲಸ ಏನು ಎಂಬ ಪ್ರಶ್ನೆ ನಮ್ಮ ಊರಿಗೆ ಬಹಳ ಕಠಿಣವಾಗಿ ಬಂತು. 1990ರ ಫೆಬ್ರುವರಿ 14ರ ಮಧ್ಯಾಹ್ನ, ಆಕಾಶ ತಿಳಿಯಾಗಿದ್ದ ದಿನ, ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ವಿಮಾನ ಹೊಚ್ಚ ಹೊಸದು, ದೇಶಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಪೈಲಟ್‌ಗಳಿಬ್ಬರೂ ಅನುಭವಿಗಳು. ಜಕ್ಕೂರಿನಲ್ಲಿ ಆವತ್ತು ಸಂಜೆ ಯಾರೂ ಸರಿಯಾಗಿ ಮಾತಾಡಲಿಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿ ವರದಿ ಕೊಟ್ಟ ಮೇಲೆ ನಾವು ಅದನ್ನು ಓದಿ ಸಾಲು ಸಾಲಾಗಿ ಚರ್ಚಿಸಿದೆವು. ರನ್‌ವೇಗೆ ಇಳಿಯುವ ಕೊನೆಯ ಹಂತದಲ್ಲಿ ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳನ್ನು ಐಡಲ್‌ನಲ್ಲಿ, ಅಂದರೆ ಕನಿಷ್ಠ ಶಕ್ತಿಯಲ್ಲಿ, ಇಟ್ಟುಕೊಂಡು ಇಳಿಯುವ ಕ್ರಮದಲ್ಲೇ ಉಳಿದಿತ್ತು. ವೇಗವೂ ಎತ್ತರವೂ ಕುಸಿಯುತ್ತಿದ್ದದ್ದು ಕಾಕ್‌ಪಿಟ್‌ನಲ್ಲಿದ್ದವರ ಅರಿವಿಗೆ ಬರುವಷ್ಟರಲ್ಲಿ ತಡವಾಗಿತ್ತು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ಅಷ್ಟು ಎತ್ತರ ಉಳಿದಿರಲಿಲ್ಲ.

ಹಳೆಯ ಪಾಠವೊಂದು ನಮಗೆ ಆಗ ನಿಜವಾಗಿ ಅರ್ಥವಾಯಿತು. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿಯ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನದಲ್ಲಿ ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ಒಂದು ಸಣ್ಣ ಬಲ್ಬ್ ಹೊತ್ತಲಿಲ್ಲ. ಆಟೋಪೈಲಟ್ 2,000 ಅಡಿಯಲ್ಲಿ ಹಿಡಿದುಕೊಂಡಿದೆ ಎಂದು ನಂಬಿ ಎಲ್ಲರೂ ಬಲ್ಬಿನ ಹಿಂದೆ ಬಿದ್ದರು. ಎತ್ತರ ಹಿಡಿಯುವ ವ್ಯವಸ್ಥೆ ಯಾರಿಗೂ ತಿಳಿಯದಂತೆ ಬಿಟ್ಟುಹೋಗಿತ್ತು. ವಿಮಾನ ನಿಧಾನವಾಗಿ ಇಳಿಯುತ್ತ ಎವರ್‌ಗ್ಲೇಡ್ಸ್ ಜೌಗಿಗೆ ಹೋಗಿ ಬಿತ್ತು. ನೂರಕ್ಕೂ ಹೆಚ್ಚು ಜೀವ ಹೋಯಿತು. ಆ ಕಾಕ್‌ಪಿಟ್‌ನಲ್ಲಿ ಒಬ್ಬರಿಗಿಂತ ಹೆಚ್ಚು ಕಣ್ಣುಗಳಿದ್ದವು. ಹಾಗಿದ್ದೂ ಹೀಗಾದರೆ ಒಬ್ಬನೇ ಇರುವ ಕಾಕ್‌ಪಿಟ್‌ನ ಗತಿಯೇನು ಎಂಬ ಯೋಚನೆ ಅಂದಿನಿಂದ ನನ್ನ ಜೊತೆಗೇ ಬೆಳೆಯಿತು.

ಆಮೇಲೆ ನಾನೇ ಇನ್‌ಸ್ಟ್ರಕ್ಟರ್ ಆದೆ. ಕಣ್ಣೆದುರಿಗೇ ಒಂದೊಂದಾಗಿ ಎಲ್ಲ ಬದಲಾಯಿತು. ಮೊದಲು ಅಂಗೈಯಗಲದ ಜಿಪಿಎಸ್ ಬಂತು. ನಾಗರಿಕರ ಬಳಕೆಯ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಅದರ ನಿಖರತೆ ನೋಡಿ ನಾವು ಬೆರಗಾದೆವು. 2004-05ರ ಹೊತ್ತಿಗೆ ಸೆಸ್ನಾ 172ರಂಥ ಸಣ್ಣ ವಿಮಾನಕ್ಕೂ ಗಾರ್ಮಿನ್ ಜಿ1000 ಬಂತು. ಗುಂಡಗಿನ ಆರು ಮೀಟರುಗಳಿದ್ದ ಜಾಗದಲ್ಲಿ ಎರಡು ದೊಡ್ಡ ಪರದೆ. ಎಡಗಡೆಯದರಲ್ಲಿ ಕ್ಷಿತಿಜ, ವೇಗ, ಎತ್ತರ. ಬಲಗಡೆಯದರಲ್ಲಿ ಬಣ್ಣಬಣ್ಣದ ನಕಾಶೆ, ಅದರ ಮೇಲೆ ಹೋಗಬೇಕಾದ ದಾರಿಗೆ ಕೆನ್ನೇರಳೆ ಗೆರೆ, ಆ ಗೆರೆಯ ಮೇಲೆ ನಮ್ಮದೇ ಪುಟ್ಟ ವಿಮಾನದ ಚಿತ್ರ. ಹಿಂದೆ ರಾತ್ರಿಯೆಲ್ಲ ಕೂತು ಮಾಡುತ್ತಿದ್ದ ಲೆಕ್ಕ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ. ಆಟೋಪೈಲಟ್ ಒತ್ತಿದರೆ ವಿಮಾನ ಗೆರೆ ಹಿಡಿದುಕೊಂಡೇ ಹೋಗುತ್ತದೆ.

ಹೊರಗೂ ಎಲ್ಲ ಬದಲಾಗುತ್ತಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಜಕ್ಕೂರಿನ ಪಕ್ಕದ ಬಳ್ಳಾರಿ ರಸ್ತೆ ಅಗಲವಾಯಿತು, ಆಮೇಲೆ ಕಂಬಗಳ ಮೇಲೆ ಎದ್ದು ನಿಂತಿತು. ದ್ರಾಕ್ಷಿ ತೋಟ ಲೇಔಟ್ ಆಯಿತು, ರಾಗಿ ಹೊಲ ಅಪಾರ್ಟ್‌ಮೆಂಟ್ ಆಯಿತು. "ಎಂಜಿನ್ ಈಗ ನಿಂತ್ರೆ" ಎಂಬ ಪ್ರಶ್ನೆಗೆ ಉತ್ತರವಾಗಿದ್ದ ಬಯಲುಗಳು ವರ್ಷ ವರ್ಷಕ್ಕೂ ಕಮ್ಮಿಯಾದವು. ಒಂದು ಕಡೆ ಯಲಹಂಕದ ವಾಯುನೆಲೆ, ಇನ್ನೊಂದು ಕಡೆ ದೊಡ್ಡ ನಿಲ್ದಾಣದ ದಟ್ಟಣೆ, ಕಿವಿಯಲ್ಲಿ ಬಿಡುವಿಲ್ಲದ ರೇಡಿಯೊ. ಹೊರಗೆ ನೋಡಲೇಬೇಕಾದ ಅಗತ್ಯ ಹಿಂದೆಂದಿಗಿಂತ ಹೆಚ್ಚಾದ ಕಾಲದಲ್ಲೇ ಒಳಗಿನ ಪರದೆ ಕಣ್ಣನ್ನು ತನ್ನ ಕಡೆ ಎಳೆದುಕೊಂಡಿತು.

ಒಂದು ಸಲ ನಡೆದದ್ದನ್ನು ಹೇಳುತ್ತೇನೆ. ಬೇರೊಂದು ಊರಿನ ತರಬೇತಿ ಶಾಲೆಯಲ್ಲಿ, ಸೋಲೋ ಕ್ರಾಸ್‌ಕಂಟ್ರಿಗೆ ಬಿಡುವ ಮೊದಲು ಒಬ್ಬ ಜಾಣ ಹುಡುಗನ ಪರೀಕ್ಷೆ. ಹೋಗಬೇಕಾದ ಏರೋಡ್ರೋಮ್ ಹತ್ತಿರವಾಗುತ್ತಿತ್ತು. ಆಟೋಪೈಲಟ್ ಎತ್ತರ ಹಿಡಿದುಕೊಂಡಿತ್ತು. ವೇಗ ಇಳಿಸಲೆಂದು ಅವನು ಥ್ರಾಟಲ್ ಹಿಂದಕ್ಕೆಳೆದ. ಅಷ್ಟರಲ್ಲಿ ಫ್ರೀಕ್ವೆನ್ಸಿ ಬದಲಿಸಬೇಕೆಂದು ನೆನಪಾಗಿ ಬಲಗಡೆಯ ಪರದೆಯಲ್ಲಿ ಏರೋಡ್ರೋಮಿನ ಪುಟ ಹುಡುಕತೊಡಗಿದ. ಒಂದು ಪುಟ, ಇನ್ನೊಂದು ಪುಟ, ಗುಬುಟು ತಿರುಗಿಸಿ ಮತ್ತೊಂದು. ಸಣ್ಣ ವಿಮಾನದ ಆಟೋಪೈಲಟ್‌ಗೆ ಥ್ರಾಟಲ್ ಮೇಲೆ ಅಧಿಕಾರವಿಲ್ಲ. ಶಕ್ತಿ ಕಮ್ಮಿಯಾದಾಗ ಎತ್ತರ ಉಳಿಸಿಕೊಳ್ಳಲು ಅದಕ್ಕೆ ಗೊತ್ತಿರುವುದು ಒಂದೇ ದಾರಿ, ಮೂತಿ ಎತ್ತುವುದು. ಅದು ಎತ್ತುತ್ತಾ ಹೋಯಿತು. ಮೂತಿಯ ಏರಿಳಿತ ಹೊಂದಿಸುವ, ಮೊಣಕಾಲ ಪಕ್ಕದ ಟ್ರಿಮ್ ಚಕ್ರ ತಾನಾಗಿಯೇ ಒಂದಿಷ್ಟು ಹಿಂದಕ್ಕೆ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಗಾಳಿಯ ಸದ್ದು ತೆಳುವಾಯಿತು. ವೇಗ ನೂರರಿಂದ ಎಂಬತ್ತಕ್ಕೆ, ಎಂಬತ್ತರಿಂದ ಅರವತ್ತೈದು ನಾಟಿಗೆ ಬಂತು.

"ವಿಮಾನ ಈಗ ಏನು ಮಾಡ್ತಿದೆ?" ಎಂದು ಕೇಳಿದೆ.

"ಆಲ್ಟಿಟ್ಯೂಡ್ ಹೋಲ್ಡ್‌ನಲ್ಲಿದೆ ಸರ್" ಎಂದ, ಪರದೆಯಿಂದ ತಲೆ ಎತ್ತದೆ.

"ಅದು ಆಟೋಪೈಲಟ್ ಮಾಡ್ತಿರೋದು. ವಿಮಾನ ಏನು ಮಾಡ್ತಿದೆ?"

ಆಗ ತಲೆ ಎತ್ತಿದ. ಗಾಜಿನ ತುಂಬ ಆಕಾಶವೇ ಇತ್ತು. ಕೆಂಪು ಗುಂಡಿ ಒತ್ತಿ ಆಟೋಪೈಲಟ್ ಬಿಡಿಸಿದ, ಮೂತಿ ತಗ್ಗಿಸಿದ, ಪವರ್ ಕೊಟ್ಟ. ಟ್ರಿಮ್ ಅಷ್ಟು ಹಿಂದಕ್ಕೆ ಹೋಗಿದ್ದರಿಂದ ಪವರ್ ಬಂದ ಕೂಡಲೇ ವಿಮಾನ ಮತ್ತೆ ಮೂತಿ ಎತ್ತಲು ನೋಡಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದು, ಟ್ರಿಮ್ ಸರಿಮಾಡಿಕೊಂಡ. ಚೆನ್ನಾಗಿಯೇ ನಿಭಾಯಿಸಿದ. ಕೈಯ ಕೆಲಸ ಅವನಿಗೆ ಬರುತ್ತಿತ್ತು. ಆದರೆ ನಾನು ಕೇಳದಿದ್ದರೆ ಅವನು ಯಾವಾಗ ತಲೆ ಎತ್ತುತ್ತಿದ್ದ? ಆ ಎರಡು ನಿಮಿಷದಲ್ಲಿ 1990ರ ಮಧ್ಯಾಹ್ನವೂ 1972ರ ರಾತ್ರಿಯೂ ಒಂದು ನಾಲ್ಕು ಸೀಟಿನ ವಿಮಾನದೊಳಗೆ ನನ್ನ ಪಕ್ಕ ಬಂದು ಕೂತಂತಾಗಿತ್ತು.

ಹಾಗೆಂದು ಯಂತ್ರವನ್ನು ದೂಷಿಸುವುದು ತಪ್ಪು. ಮಳೆಗಾಲದಲ್ಲಿ ಮೋಡದೊಳಗೆ ಒಬ್ಬರೇ ಹಾರಿಸುತ್ತ, ಚಾರ್ಟ್ ಬದಲಿಸುತ್ತ, ಕಂಟ್ರೋಲರ್ ಹೇಳಿದ್ದನ್ನು ಬರೆದುಕೊಳ್ಳುತ್ತ ಇರುವಾಗ ರೆಕ್ಕೆಗಳನ್ನು ಸಮವಾಗಿ ಹಿಡಿದುಕೊಳ್ಳುವ ಆಟೋಪೈಲಟ್‌ನ ಬೆಲೆ ನನಗೆ ಗೊತ್ತು. ಪ್ರಯಾಣಿಕರನ್ನು ಒಯ್ಯುವ ವಿಮಾನವನ್ನು ಒಬ್ಬನೇ ಪೈಲಟ್ ರಾತ್ರಿಯಲ್ಲಿ ಅಥವಾ ಉಪಕರಣಗಳನ್ನೇ ನಂಬಿ ಹಾರಿಸಬೇಕಾದರೆ ಎತ್ತರವನ್ನೂ ದಿಕ್ಕನ್ನೂ ಹಿಡಿಯಬಲ್ಲ ಆಟೋಪೈಲಟ್ ಇರಲೇಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವೇ ಹೇಳುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಮಾತ್ರ ನಮ್ಮಂಥವರನ್ನು ಎಚ್ಚರಿಸಿತು. 2002ರಿಂದ 2006ರವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿ ನೋಡಿದಾಗ, ಪರದೆಗಳಿದ್ದ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಮ್ಮಿ, ಆದರೆ ಜೀವ ಹೋಗುವ ಅಪಘಾತದ ಪ್ರಮಾಣ ಹೆಚ್ಚು ಎಂದು ಕಂಡುಬಂತು. ಉಪಕರಣ ಕೊಟ್ಟರೆ ಸಾಲದು, ಅದರ ಜೊತೆ ಬದುಕುವುದನ್ನೂ ಕಲಿಸಬೇಕು ಎಂಬುದು ಅದರಿಂದ ನಾನು ಅರ್ಥಮಾಡಿಕೊಂಡದ್ದು.

ಕಲಿಸುವ ಕ್ರಮವನ್ನು ನಾವು ಹಲವರು ಸೇರಿ, ಒಬ್ಬರನ್ನೊಬ್ಬರು ಕೇಳಿ, ನಿಧಾನವಾಗಿ ರೂಪಿಸಿಕೊಂಡೆವು. ಮೊದಲನೆಯದು, ನೆಲದ ಮೇಲೆ ಮಾಡಬಹುದಾದ ಕೆಲಸವನ್ನು ಆಕಾಶಕ್ಕೆ ಒಯ್ಯಬಾರದು. ದಾರಿ, ಫ್ರೀಕ್ವೆನ್ಸಿ, ಇಳಿಯುವ ರನ್‌ವೇಯ ವಿವರ ಎಲ್ಲವನ್ನೂ ಬ್ರೇಕ್ ಹಾಕಿ ನಿಂತಿರುವಾಗಲೇ ತುಂಬಿಸಿ, ಮ್ಯಾಪಿನ ಜೊತೆ ತಾಳೆ ನೋಡಿಯೇ ಟ್ಯಾಕ್ಸಿ ಮಾಡಬೇಕು. ಚಕ್ರ ಉರುಳುತ್ತಿರುವಾಗ ಗುಂಡಿ ಮುಟ್ಟುವಂತಿಲ್ಲ.

ಎರಡನೆಯದು, ಬಾಯಿಬಿಟ್ಟು ಹೇಳಬೇಕು. ಆಟೋಪೈಲಟ್‌ನ ಗುಂಡಿ ಒತ್ತಿದವರು ಗುಂಡಿಯನ್ನು ನೋಡಿ ಸುಮ್ಮನಾಗಬಾರದು. ಪರದೆಯ ಮೇಲ್ತುದಿಯಲ್ಲಿ ಹಸಿರು ಅಕ್ಷರದಲ್ಲಿ ಈಗ ನಡೆಯುತ್ತಿರುವುದು ಬರುತ್ತದೆ, ಬಿಳಿ ಅಕ್ಷರದಲ್ಲಿ ಮುಂದೆ ಆಗಲಿರುವುದು. ಅದನ್ನು ಓದಿ ಜೋರಾಗಿ ಹೇಳಬೇಕು: "ಈಗ ಎತ್ತರ ಹಿಡಿದಿದೆ, ವೇಗ ನನ್ನ ಜವಾಬ್ದಾರಿ." ಖಾಲಿ ಕಾಕ್‌ಪಿಟ್‌ನಲ್ಲಿ ಒಬ್ಬನೇ ಮಾತಾಡಿಕೊಳ್ಳಲು ಹುಡುಗರಿಗೆ ನಾಚಿಕೆ. ಆದರೆ ಹೇಳಿದ ಮಾತು ತಮ್ಮ ಕಿವಿಗೇ ಬಿದ್ದಾಗ ತಪ್ಪಿದ್ದರೆ ಗೊತ್ತಾಗುತ್ತದೆ. ಪಕ್ಕದ ಸೀಟಿನವರ ಕೆಲಸದಲ್ಲಿ ಅರ್ಧವನ್ನು ಅದು ಮಾಡುತ್ತದೆ.

ಮೂರನೆಯದು ನೋಟದ ಶಿಸ್ತು. ಮಡಿಗಳಿಗೆ ನೀರು ಹಾಯಿಸುವ ರೈತ ಒಂದೇ ಮಡಿಯ ಬಳಿ ನಿಂತುಬಿಡದೆ ಎಲ್ಲ ಮಡಿಗಳ ಮೇಲೂ ಕಣ್ಣಿಟ್ಟಿರುವಂತೆ ಪೈಲಟ್‌ನ ಕಣ್ಣು ಸುತ್ತುತ್ತಿರಬೇಕು. ಪರದೆಯ ಕಡೆ ಕೆಲವೇ ಸೆಕೆಂಡು, ಆಮೇಲೆ ಹೊರಗೆ, ವೇಗದ ಮೇಲೆ, ಎತ್ತರದ ಮೇಲೆ. ಕೆಲಸ ಮುಗಿಯದಿದ್ದರೆ ಅರ್ಧಕ್ಕೇ ಬಿಟ್ಟು ತಲೆ ಎತ್ತಬೇಕು, ಮತ್ತೆ ಬಗ್ಗಬೇಕು. ಚೆಕ್‌ಲಿಸ್ಟ್ ಓದುವಾಗ ರೇಡಿಯೊ ಕರೆ ಅಡ್ಡ ಬಂದರೆ ಎಲ್ಲಿ ಬಿಟ್ಟೆವೆಂದು ಊಹಿಸಬಾರದು, ಮೊದಲಿನಿಂದ ಓದಬೇಕು. ಕಂಟ್ರೋಲರ್‌ಗೆ "ಸ್ಟ್ಯಾಂಡ್‌ಬೈ" ಎನ್ನುವ ಹಕ್ಕು ಹೊಸಬನಿಗೂ ಇದೆ ಎಂದು ಎಷ್ಟು ಸಲ ಹೇಳಿದರೂ ಸಾಲದು. ವಿಮಾನ ಹಾರುತ್ತಿರಬೇಕು, ಆಮೇಲೆ ದಾರಿ, ಮಾತು ಕೊನೆಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು. ಯಂತ್ರ ಮಾಡುತ್ತಿರುವುದು ಅರ್ಥವಾಗದಿದ್ದರೆ ಇನ್ನೊಂದು ಗುಂಡಿ ಒತ್ತಬೇಡಿ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಗೆರೆ ಹಿಡಿದು ಹೋಗುವ ಕ್ರಮ ಗೊಂದಲ ಮಾಡುತ್ತಿದ್ದರೆ ಬರೀ ದಿಕ್ಕು ಹಿಡಿಯುವ ಕ್ರಮಕ್ಕೆ ಬನ್ನಿ. ಅದೂ ಸರಿಬರದಿದ್ದರೆ ಕೆಂಪು ಗುಂಡಿ ಒತ್ತಿ ಕೈಯಲ್ಲೇ ಹಾರಿಸಿ. ತಲೆ ತಿಳಿಯಾದ ಮೇಲೆ ಮತ್ತೆ ಮೇಲೆ ಹತ್ತಬಹುದು. ಈ ಇಳಿಯುವಿಕೆಯಲ್ಲಿ ಸೋಲೇನೂ ಇಲ್ಲ. ಇದು ಅಭ್ಯಾಸವಾಗಲೆಂದು ನಾನು ಪರದೆಗಳ ಬೆಳಕನ್ನು ಪೂರ್ತಿ ಇಳಿಸಿ, ಕೆಳಗಿರುವ ಮೂರು ಹಳೆಯ ಮೀಟರು ಮತ್ತು ಮೇಲಿನ ದಿಕ್ಸೂಚಿಯಿಂದಲೇ ಮನೆಗೆ ಕರೆದುಕೊಂಡು ಹೋಗಲು ಹೇಳುತ್ತಿದ್ದೆ. ಮೊದಲ ಹತ್ತು ನಿಮಿಷ ಹಣೆಯಲ್ಲಿ ಬೆವರು. ಆಮೇಲೆ ಅವರೇ ಕಿಟಕಿಯತ್ತ ಬಾಗಿ ಕೆಳಗಿನ ರಸ್ತೆ, ಕೆರೆ, ರೈಲು ಹಳಿ ಗುರುತಿಸತೊಡಗುತ್ತಿದ್ದರು. ಮುಖದಲ್ಲಿ ಹೊಸ ಧೈರ್ಯ ಕಾಣುತ್ತಿತ್ತು.

ಈಚೆಗೆ ಬಂದ ತೊಂದರೆ ಮೊಬೈಲು ಮತ್ತು ಟ್ಯಾಬ್. ಟ್ಯಾಬಿನಲ್ಲಿ ಮ್ಯಾಪು, ಹವಾಮಾನ, ಚಾರ್ಟು ಎಲ್ಲ ಸಿಗುತ್ತವೆ, ಕೆಲಸದ ವಸ್ತು. ಆದರೆ ಅದು ಬಿಸಿಲಿಗೆ ಕಾದು ಆರಿಹೋಗುತ್ತದೆ, ತೊಡೆಯಿಂದ ಜಾರಿ ಕಾಲಡಿ ಬೀಳುತ್ತದೆ, ಎತ್ತಿಕೊಳ್ಳಲು ಬಗ್ಗಿದವನ ವಿಮಾನ ಒಂದು ಕಡೆ ವಾಲುತ್ತದೆ. ಮೊಬೈಲಿನ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ. ಒಬ್ಬನೇ ಹಾರುವಾಗ ಅದು ಸ್ವಿಚ್ ಆಫ್ ಆಗಿ ಬ್ಯಾಗಿನಲ್ಲಿರಬೇಕು. ಮೊದಲ ಸೋಲೋದ ವಿಡಿಯೊ ಮನೆಯವರಿಗೆ ತೋರಿಸುವ ಆಸೆ ನನಗೆ ಅರ್ಥವಾಗುತ್ತದೆ. ಅದನ್ನು ನೆಲದ ಮೇಲೆ ನಿಂತ ಗೆಳೆಯರು ತೆಗೆಯಲಿ.

ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಕನಿಷ್ಠ 100 ಗಂಟೆ ತಾನೇ ಹೊಣೆ ಹೊತ್ತು ಹಾರಿಸಿದ್ದಾಗಿರಬೇಕು. ಮುಂದೆ ವಿಮಾನ ಕಂಪನಿ ಸೇರಿದರೆ ಆ ಹುಡುಗ, ಹುಡುಗಿ ಮತ್ತೆಂದೂ ಒಬ್ಬಂಟಿಯಾಗಿ ಹಾರುವುದಿಲ್ಲ. ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರಿರುತ್ತಾರೆ. ಆ ನೂರು ಗಂಟೆಗಳಲ್ಲೇ, ಯಾರೂ ಕೇಳದಿದ್ದಾಗಲೂ ತನ್ನನ್ನು ತಾನು ಕೇಳಿಕೊಳ್ಳುವ ಅಭ್ಯಾಸ ಬೇರೂರಬೇಕು. ಕೆನ್ನೇರಳೆ ಗೆರೆಯ ಮೇಲೆ ವಿಮಾನವನ್ನು ಕೂರಿಸಿ, ಕೈಕಟ್ಟಿ ಲಾಗ್‌ಬುಕ್ ತುಂಬಿಸಿಕೊಂಡರೆ ಲೈಸೆನ್ಸ್ ಸಿಗುತ್ತದೆ, ಆ ಅಭ್ಯಾಸ ಸಿಗುವುದಿಲ್ಲ. ನಾಳೆ 180 ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟಾಗ ಪಕ್ಕದ ಸೀಟಿನವರೂ ತಲೆ ಬಗ್ಗಿಸಿರುವ ಒಂದು ಗಳಿಗೆ ಬಂದೇ ಬರುತ್ತದೆ. ಆಗ ತಲೆ ಎತ್ತಿ, ವಿಮಾನ ಏನು ಮಾಡುತ್ತಿದೆ ಎಂದು ನೋಡುವವರು ಒಬ್ಬರಾದರೂ ಇರಬೇಕು. ಅದಕ್ಕಾಗಿಯೇ ಇವತ್ತಿಗೂ ನನ್ನಲ್ಲಿಗೆ ಬರುವ ಹೊಸಬರಿಗೆ ಒಂದನ್ನು ಒತ್ತಿ ಹೇಳುತ್ತೇನೆ: ಸೋಲೋ ಗಂಟೆಗಳನ್ನು ಬೇಗ ಮುಗಿಸುವ ಅವಸರ ಬೇಡ, ಅವುಗಳಲ್ಲಿ ಅರ್ಧದಷ್ಟಾದರೂ ಆಟೋಪೈಲಟ್ ಮುಟ್ಟದೆ, ಕೈಯಲ್ಲಿ ಮ್ಯಾಪ್ ಹಿಡಿದು ಹಾರಿಸಿ.